ಜೊಳ್ಳಿನ ಜೊತೆ ತೂರಿಹೋದ ಮೂರು ಮೇಲ್‌ಗಳು: ಒಂದು ಪ್ರಕರಣ ಅಧ್ಯಯನ

ಅಕ್ಕನಿಗೆ ಆ ಫೋನ್ ಬಂದಾಗ ನಾನು ಪಕ್ಕದಲ್ಲೇ ಕೂತಿದ್ದೆ. ಆ ಕಡೆಯಿಂದ ಮಾತಾಡುತ್ತಿದ್ದವರು ಒಂದು ಪ್ರಕಾಶನ ಸಂಸ್ಥೆಯ ಸಂಪಾದಕರು. "ಮೇಡಂ, ನಿಮಗೆ ಮೂರು ಸಲ ಬರೆದೆವು. ಉತ್ತರ ಬರಲಿಲ್ಲ. ನಿಮಗೆ ಇಷ್ಟವಿಲ್ಲವೇನೋ ಅಂದುಕೊಂಡು ಆ ಪುಸ್ತಕವನ್ನು ಬೇರೆಯವರಿಗೆ ಒಪ್ಪಿಸಿಬಿಟ್ಟೆವು. ಏನಾಯಿತು ಅಂತ ಕೇಳೋಣ ಅನ್ನಿಸಿತು, ಅಷ್ಟೇ."

ಅಕ್ಕ ಅನುವಾದಕಿ. ಆ ಪುಸ್ತಕಕ್ಕಾಗಿ ಎರಡು ವರ್ಷದಿಂದ ಕಾದಿದ್ದಳು, ಮಾದರಿ ಅಧ್ಯಾಯವನ್ನೂ ಮಾಡಿಕೊಟ್ಟಿದ್ದಳು. ಫೋನ್ ಇಟ್ಟವಳೇ ಮೇಲ್ ತೆರೆದು, ಸಂಸ್ಥೆಯ ಹೆಸರು ಹಾಕಿ ಹುಡುಕಿದಳು. ಹಳೆಯ ಪತ್ರಗಳು ಬಂದವು, ಹೊಸದು ಒಂದೂ ಇಲ್ಲ. "ಅವರು ಕಳಿಸೇ ಇಲ್ಲ ಕಣೋ. ನೋಡು, ನೀನೇ ನೋಡು."

ಅವರು ಕಳಿಸಿದ್ದರು. ಮೂರೂ ಮೇಲ್ ಅಕ್ಕನ ಬಾಗಿಲ ತನಕ ಬಂದಿದ್ದವು. ಒಂದೊಂದೂ ಒಂದೊಂದು ಜರಡಿಯಲ್ಲಿ ಸಿಕ್ಕಿಕೊಂಡಿತ್ತು, ಮತ್ತು ಆ ಮೂರರಲ್ಲಿ ಎರಡು ಜರಡಿಗಳನ್ನು ಬಿಗಿ ಮಾಡಿದ್ದು ಅಕ್ಕನೇ. ಕಸದ ಮೇಲ್ ಕಾಟ ತಡೆಯಲಾರದೆ ಮಾಡಿದ್ದು. ನನ್ನ ಉದ್ಯೋಗವೇ ಮೇಲ್ ಸರ್ವರ್‌ಗಳನ್ನು ನೋಡಿಕೊಳ್ಳುವುದು. ಆ ಸಂಜೆಯಿಂದ ಆರು ವಾರ ಅವಳ ಪೆಟ್ಟಿಗೆಯ ಮೇಲೆ ಕೆಲಸ ಮಾಡಿದೆ. ಕಂಡದ್ದು, ಮಾಡಿದ್ದು, ತಪ್ಪಿದ್ದು ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಪೆಟ್ಟಿಗೆ ಇದ್ದ ರೀತಿ

ಅಕ್ಕನಿಗೆ ಎರಡು ವಿಳಾಸ. ಒಂದು ಅವಳದೇ ಡೊಮೇನ್‌ನದು, ಅಂದರೆ ಎಟ್ ಗುರುತಿನ ನಂತರದ ಹೆಸರೂ ಅವಳದೇ. ಅವಳ ಪುಸ್ತಕಗಳ ಬೆನ್ನಲ್ಲಿ ಅಚ್ಚಾಗಿದೆ, ಅವಳ ಜಾಲತಾಣದಲ್ಲೂ ಇದೆ. ಅದರ ಮೇಲ್‌ಗಳು ಒಂದು ಹೋಸ್ಟಿಂಗ್ ಕಂಪನಿಯ ಸರ್ವರ್‌ಗೆ ಬಂದು, ಅಲ್ಲಿಂದ ಲ್ಯಾಪ್‌ಟಾಪ್‌ನಲ್ಲಿ ಮೇಲ್ ಓದುವ ತಂತ್ರಾಂಶವಾದ ಥಂಡರ್‌ಬರ್ಡ್‌ಗೆ ಪಾಪ್3 ಎಂಬ ಪದ್ಧತಿಯ ಮೂಲಕ ಇಳಿಯುತ್ತಿದ್ದವು. ಇನ್ನೊಂದು ಜಿಮೇಲ್ ವಿಳಾಸ, ಫೋನಿನಲ್ಲಿ ನೋಡುವುದು ಅದನ್ನೇ.

ಎರಡರಲ್ಲೂ ಕಸ ತುಂಬಿತ್ತು. ಬೆಳಿಗ್ಗೆ ಎದ್ದರೆ ಅರ್ಧ ಗಂಟೆ ಅಳಿಸುವ ಕೆಲಸ. ಸಿಟ್ಟು ಬಂದಾಗಲೆಲ್ಲ ಒಂದೊಂದು ಫಿಲ್ಟರ್ ಬರೆದಿದ್ದಳು: ಈ ಪದ ವಿಷಯದ ಸಾಲಿನಲ್ಲಿದ್ದರೆ ಅಳಿಸು, ಆ ಪದವಿದ್ದರೆ ಅಳಿಸು. ಜಿಮೇಲ್‌ನಲ್ಲಿ ಎಣಿಸಿದೆ, 43 ಇದ್ದವು. ಬಹುಪಾಲು ಫಿಲ್ಟರ್‌ಗಳನ್ನು ಯಾವಾಗ, ಯಾಕೆ ಬರೆದದ್ದೆಂದು ಅವಳಿಗೇ ನೆನಪಿರಲಿಲ್ಲ.

ಹುಡುಕಿದರೂ ಸಿಗದಿದ್ದುದು ಯಾಕೆ

ಮೊದಲು ಬಿಡಿಸಬೇಕಾಗಿದ್ದ ಗಂಟು ಇದೇ. ಜಿಮೇಲ್‌ನಲ್ಲಿ ಮೇಲಿನ ಪಟ್ಟಿಯಲ್ಲಿ ಹೆಸರು ಹಾಕಿ ಹುಡುಕಿದರೆ ಅದು ಸ್ಪ್ಯಾಮ್ ಮತ್ತು ಟ್ರ್ಯಾಶ್ ಫೋಲ್ಡರ್‌ಗಳ ಒಳಗೆ ನೋಡುವುದಿಲ್ಲ. ಅವೆರಡನ್ನೂ ಸೇರಿಸಿ ಹುಡುಕು ಎಂದು ನಾವಾಗಿ ಆರಿಸಿ ಹೇಳಬೇಕು. ಹಾಗಾಗಿ "ಹುಡುಕಿದೆ, ಇಲ್ಲ" ಅನ್ನುವ ಮಾತಿಗೆ "ಬಂದಿಲ್ಲ" ಅನ್ನುವ ಅರ್ಥ ಕಟ್ಟಲು ಬರುವುದಿಲ್ಲ. ಎಷ್ಟೋ ಜನ ಇದೇ ಹುಡುಕಾಟವನ್ನು ನಂಬಿ ಎದುರಿನವರ ಮೇಲೆ ತಪ್ಪು ಹೊರಿಸುತ್ತಾರೆ.

ಹುಡುಕಾಟವನ್ನು ಎಲ್ಲ ಫೋಲ್ಡರ್‌ಗಳಿಗೂ ಹಿಗ್ಗಿಸಿದೊಡನೆ ಮೂರನೆಯ ಮೇಲ್ ಟ್ರ್ಯಾಶ್‌ನಲ್ಲಿ ಸಿಕ್ಕಿತು. ಹನ್ನೊಂದು ದಿನದ ಹಿಂದಿನದು. ವಿಷಯದ ಸಾಲಿನಲ್ಲಿ "ಆಫರ್" ಅನ್ನುವ ಪದವಿತ್ತು, ಅನುವಾದದ ಹಕ್ಕಿನ ಆಫರ್. ಅಕ್ಕನ 43 ಫಿಲ್ಟರ್‌ಗಳಲ್ಲಿ ಒಂದು ಹೇಳುತ್ತಿತ್ತು: ಆಫರ್ ಎಂದಿದ್ದರೆ ನೇರ ಅಳಿಸು. ರಿಯಾಯಿತಿ ಮಾರುವವರ ಕಾಟಕ್ಕೆ ಬರೆದ ಸಾಲು ಅದು. ಕೆಲಸ ಕೊಡುವವರೂ ಅದೇ ಪದ ಬಳಸುತ್ತಾರೆಂದು ಆ ಸಿಟ್ಟಿನಲ್ಲಿ ಹೊಳೆದಿರಲಿಲ್ಲ. ನಾವೇ ಬರೆದ ಫಿಲ್ಟರ್‌ಗೆ ಸಂಶಯ ಅನ್ನುವುದೇ ಇಲ್ಲ. ಸ್ಪ್ಯಾಮ್ ಜರಡಿ ಹತ್ತಾರು ಗುರುತು ನೋಡಿ ತೂಗುತ್ತದೆ, ನಮ್ಮ ಫಿಲ್ಟರ್ ಒಂದೇ ಪದ ನೋಡಿ ತೀರ್ಪು ಕೊಡುತ್ತದೆ.

ಮೊದಲನೆಯ ಮೇಲ್

ಸಂಪಾದಕರು ಮೊದಲು ಬರೆದದ್ದು ಹಳೆಯ ವಿಳಾಸಕ್ಕೆ, ಪುಸ್ತಕದ ಬೆನ್ನಲ್ಲಿದ್ದುದಕ್ಕೆ. ಹೋಸ್ಟಿಂಗ್ ಕಂಪನಿಯ ಸರ್ವರ್‌ಗೆ ಬ್ರೌಸರ್ ಮೂಲಕವೇ ಲಾಗಿನ್ ಆಗಿ ನೋಡಿದರೆ ಅಲ್ಲಿ ಅಕ್ಕ ಎಂದೂ ನೋಡಿರದ ಒಂದು ಸ್ಪ್ಯಾಮ್ ಫೋಲ್ಡರ್. ನಾಲ್ಕು ವರ್ಷದ ಮೇಲ್‌ಗಳು ಅದರಲ್ಲಿ ರಾಶಿ ಬಿದ್ದಿದ್ದವು. ಪ್ರಕಾಶಕರ ಪತ್ರವೂ ಅಲ್ಲಿತ್ತು.

ಅಕ್ಕನ ಕಣ್ಣಿಗೆ ಅದು ಬೀಳದಿದ್ದುದಕ್ಕೆ ಕಾರಣ ಪಾಪ್3. ಈ ಪದ್ಧತಿಗೆ ಫೋಲ್ಡರ್ ಅನ್ನುವುದೇ ಗೊತ್ತಿಲ್ಲ. ಇನ್‌ಬಾಕ್ಸ್‌ನಲ್ಲಿ ಇರುವುದನ್ನು ಮಾತ್ರ ಇಳಿಸಿಕೊಡುತ್ತದೆ. ಸರ್ವರ್ ಯಾವುದನ್ನು ಪಕ್ಕಕ್ಕೆ ಎತ್ತಿಟ್ಟಿದೆಯೋ ಅದು ಅಲ್ಲೇ ಉಳಿಯುತ್ತದೆ. ಐಮ್ಯಾಪ್ ಎಂಬ ಇನ್ನೊಂದು ಪದ್ಧತಿ ಹಾಗಲ್ಲ, ಸರ್ವರ್‌ನಲ್ಲಿರುವ ಫೋಲ್ಡರ್‌ಗಳನ್ನೆಲ್ಲ ಹಾಗೇ ಮುಂದಿಡುತ್ತದೆ. ಅಕ್ಕ ತನ್ನ ಥಂಡರ್‌ಬರ್ಡ್‌ನಲ್ಲಿ ಕಾಣುವ ಜಂಕ್ ಫೋಲ್ಡರನ್ನು ಆಗಾಗ ನೋಡುತ್ತಿದ್ದಳು. ಅದು ಲ್ಯಾಪ್‌ಟಾಪ್‌ನ ಫೋಲ್ಡರ್. ಸರ್ವರ್‌ನದು ಬೇರೆ.

ಇನ್ನು ಆ ಮೇಲ್ ಸ್ಪ್ಯಾಮ್‌ಗೆ ಬಿದ್ದದ್ದು ಯಾಕೆ? ಆ ಸರ್ವರ್‌ನಲ್ಲಿದ್ದದ್ದು ಸ್ಪ್ಯಾಮ್‌ಅಸ್ಯಾಸಿನ್. 2001ರಲ್ಲಿ ಜಸ್ಟಿನ್ ಮೇಸನ್ ಶುರುಮಾಡಿದ, ಈಗ ಅಪಾಚೆ ಪ್ರತಿಷ್ಠಾನದ ಅಡಿಯಲ್ಲಿರುವ ಮುಕ್ತ ತಂತ್ರಾಂಶ. ಅದು ಪ್ರತಿ ಮೇಲನ್ನೂ ನೂರಾರು ಸಣ್ಣ ಪರೀಕ್ಷೆಗೆ ಒಡ್ಡಿ, ಒಂದೊಂದಕ್ಕೂ ಅಂಕ ಕೊಡುತ್ತದೆ. ಒಟ್ಟು 5 ಮುಟ್ಟಿದರೆ ಸ್ಪ್ಯಾಮ್, ಅದು ಮೊದಲಿಂದ ಇರುವ ಗೆರೆ. ಆ ಅಂಕಪಟ್ಟಿ ಮೇಲ್‌ನ ಹೆಡರ್‌ನಲ್ಲಿ, ಅಂದರೆ ಸಾಮಾನ್ಯವಾಗಿ ನಮಗೆ ಕಾಣದ ತಲೆಯ ಸಾಲುಗಳಲ್ಲಿ, ಬರೆದೇ ಇರುತ್ತದೆ. ಪ್ರಕಾಶಕರ ಮೇಲ್‌ಗೆ ಬಿದ್ದದ್ದು 2.7. ಅಕ್ಷರ ಕಡಿಮೆ ಇದ್ದು ಲಾಂಛನದ ಚಿತ್ರ ದೊಡ್ಡದಾಗಿದ್ದಕ್ಕೆ ಒಂದಿಷ್ಟು, ಸಾದಾ ಪಠ್ಯದ ಪ್ರತಿ ಇಲ್ಲದ್ದಕ್ಕೆ ಒಂದಿಷ್ಟು, ಹೀಗೆ ಚಿಲ್ಲರೆ ಅಂಕಗಳು. ಗೆರೆ 5 ಇದ್ದಿದ್ದರೆ ಅದು ಆರಾಮವಾಗಿ ಇನ್‌ಬಾಕ್ಸ್ ಸೇರುತ್ತಿತ್ತು. ಆದರೆ ಅಕ್ಕ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಆ ಗೆರೆಯನ್ನು 2ಕ್ಕೆ ಇಳಿಸಿದ್ದಳು. ಇಳಿಸಿದಷ್ಟೂ ಬಿಗಿ ಎಂದು ಎಲ್ಲೋ ಓದಿದ್ದಳು. ಅದು ನಿಜವೇ. ಕಸ ಕಡಿಮೆಯಾದದ್ದು ಅವಳಿಗೆ ಕಂಡಿತು, ಕಸದ ಜೊತೆ ಏನು ಹೋಯಿತೆಂಬುದು ಕಾಣಲಿಲ್ಲ.

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಜರಡಿ ಎರಡು ಬಗೆಯಲ್ಲಿ ತಪ್ಪುತ್ತದೆ. ಕಸವನ್ನು ಒಳಗೆ ಬಿಟ್ಟರೆ ನಮಗೆ ಕಾಣುತ್ತದೆ, ಕಿರಿಕಿರಿಯಾಗುತ್ತದೆ, ಅಳಿಸುತ್ತೇವೆ, ಮುಗಿಯಿತು. ಒಳ್ಳೆಯದನ್ನು ಹೊರಗೆ ತಳ್ಳಿದರೆ ಸದ್ದೇ ಇಲ್ಲ. ಕಾಣುವ ತಪ್ಪಿನ ಮೇಲೆ ಸಿಟ್ಟು ಬಂದು ಜರಡಿ ಬಿಗಿಮಾಡುತ್ತ ಹೋಗುತ್ತೇವೆ, ಪ್ರತಿ ಬಿಗಿತಕ್ಕೂ ಕಾಣದ ತಪ್ಪು ಬೆಳೆಯುತ್ತ ಹೋಗುತ್ತದೆ. ಜರಡಿ ಕಟ್ಟಿದವರಿಗೆ ಇದು ಮೊದಲಿಂದಲೂ ಗೊತ್ತು. ಪದಗಳ ಸಂಭವನೀಯತೆ ಲೆಕ್ಕ ಹಾಕಿ ಸ್ಪ್ಯಾಮ್ ಹಿಡಿಯುವ ಬೇಯ್ಸ್ ವಿಧಾನವನ್ನು 2002ರಲ್ಲಿ ಜನಪ್ರಿಯ ಮಾಡಿದ ಪಾಲ್ ಗ್ರಹಾಂ, ಒಳ್ಳೆಯ ಪತ್ರಗಳಲ್ಲಿ ಕಂಡ ಪದಗಳ ಎಣಿಕೆಯನ್ನು ಬೇಕೆಂದೇ ದುಪ್ಪಟ್ಟು ಹಿಡಿದಿದ್ದರು. ಸಂದೇಹ ಬಂದಲ್ಲಿ ತಕ್ಕಡಿ ಒಳ್ಳೆಯದರ ಕಡೆಗೇ ವಾಲಲಿ ಎಂದು. ಮನೆಯಲ್ಲಿ ಕೂತು ಫಿಲ್ಟರ್ ಬರೆಯುವ ನಮಗೆ ಆ ಎಚ್ಚರ ಇರುವುದಿಲ್ಲ.

ಎರಡನೆಯ ಮೇಲ್: ಲಕೋಟೆ ಮತ್ತು ಒಳಗಿನ ಕಾಗದ

ಎರಡನೆಯದು ಜಿಮೇಲ್ ವಿಳಾಸಕ್ಕೆ ಬಂದದ್ದು. ಫೋನ್ ಬಂದ ದಿನಕ್ಕೆ ಆರು ವಾರವಾಗಿತ್ತು. ಜಿಮೇಲ್ ಸ್ಪ್ಯಾಮ್ ಫೋಲ್ಡರಿನಲ್ಲಿರುವುದನ್ನು 30 ದಿನಕ್ಕೆ ತಾನೇ ಅಳಿಸಿಹಾಕುತ್ತದೆ. ಅಂದರೆ ಕುರುಹೂ ಉಳಿದಿರಲಿಲ್ಲ. ಸಂಪಾದಕರನ್ನು ಕೇಳಿಕೊಂಡೆ: "ಸರ್, ಆ ದಿನ ಯಾವ ತಂತ್ರಾಂಶದಿಂದ ಕಳಿಸಿದಿರೋ ಅದರಿಂದಲೇ ಒಂದು ಖಾಲಿ ಮೇಲ್ ಕಳಿಸುತ್ತೀರಾ?" ಕಳಿಸಿದರು. ಎರಡೇ ನಿಮಿಷಕ್ಕೆ ಅದು ಸ್ಪ್ಯಾಮ್‌ನಲ್ಲಿ ಬಿತ್ತು.

ಜಿಮೇಲ್‌ನಲ್ಲಿ ಮೇಲ್‌ನ ಮೂಲ ರೂಪ ತೋರಿಸುವ ಆಯ್ಕೆ ಇದೆ. ಅದನ್ನು ತೆರೆದರೆ ತುದಿಯಲ್ಲೇ ಮೂರು ಸಾಲು ಕಾಣುತ್ತವೆ, ಕಳಿಸಿದವರು ಅಸಲಿಯೇ ಎಂದು ನೋಡುವ ಮೂರು ಪರೀಕ್ಷೆಗಳ ಫಲಿತಾಂಶ. ಇಲ್ಲಿ ಎಸ್‌ಪಿಎಫ್ ಪಾಸ್ ಎಂದಿತ್ತು. ಡಿಕಿಮ್ ಸಹಿಯೂ ಪಾಸ್. ಡಿಮಾರ್ಕ್ ಮಾತ್ರ ಫೇಲ್. ಎರಡು ಪರೀಕ್ಷೆಯಲ್ಲಿ ಪಾಸಾದದ್ದು ಮೂರನೆಯದರಲ್ಲಿ ನಪಾಸಾಗುವುದು ಹೇಗೆ ಎಂದು ಅಕ್ಕ ಕೇಳಿದಳು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮೇಲ್ ಸಾಗಿಸುವ ಎಸ್‌ಎಂಟಿಪಿ ಪದ್ಧತಿ 1982ರದ್ದು. ಅಂಚೆಯ ಕಾಗದದ ಹಾಗೆ ಅದರಲ್ಲೂ ಎರಡು ಕಡೆ ಕಳಿಸಿದವರ ಹೆಸರಿರುತ್ತದೆ: ಲಕೋಟೆಯ ಮೇಲೆ ಒಂದು, ಒಳಗಿನ ಕಾಗದದ ತಲೆಯ ಮೇಲೆ ಒಂದು. ನಾವು ಓದುವುದು ಒಳಗಿನದನ್ನು. ಎರಡೂ ಒಂದೇ ಇರಬೇಕೆಂಬ ಕಟ್ಟುಪಾಡು ಆ ಪದ್ಧತಿಯಲ್ಲಿ ಇಲ್ಲ, ಯಾರು ಯಾರ ಹೆಸರನ್ನೂ ಬರೆಯಬಹುದು. ಮೋಸದ ಮೇಲ್‌ಗಳು ಬದುಕಿರುವುದೇ ಈ ಸಡಿಲದಲ್ಲಿ. ಮುಂದೆ ಬಂದ ಎಸ್‌ಪಿಎಫ್, ಲಕೋಟೆಯ ಮೇಲಿರುವ ಡೊಮೇನ್‌ಗೆ ಈ ಸರ್ವರಿನಿಂದ ಕಳಿಸಲು ಅನುಮತಿ ಇದೆಯೇ ಎಂದು ನೋಡುತ್ತದೆ. ಡಿಕಿಮ್, ಮೇಲ್‌ಗೆ ಹಾಕಿದ ಡಿಜಿಟಲ್ ಸಹಿ ಸರಿಯಿದೆಯೇ ಎಂದು ನೋಡುತ್ತದೆ. 2012ರಲ್ಲಿ ಬಂದ ಡಿಮಾರ್ಕ್ ಕೇಳುವುದು ಇನ್ನೊಂದು ಪ್ರಶ್ನೆ: ಆ ಲಕೋಟೆಯ ಹೆಸರು ಅಥವಾ ಆ ಸಹಿ, ಓದುಗರಿಗೆ ಕಾಣುವ ಒಳಗಿನ ಹೆಸರಿನದ್ದೇ ಆಗಿದೆಯೇ?

ಪ್ರಕಾಶಕರು ಒಪ್ಪಂದಪತ್ರ ಕಳಿಸಲು ಆಗಷ್ಟೇ ಒಂದು ಹೊಸ ತಂತ್ರಾಂಶ ಕೊಂಡಿದ್ದರು. ಅದು ಒಳಗಿನ ಕಾಗದದ ಮೇಲೆ ಪ್ರಕಾಶಕರ ಹೆಸರು ಹಾಕುತ್ತಿತ್ತು. ಲಕೋಟೆಯ ಮೇಲೆ ಹಾಕುತ್ತಿದ್ದುದು ತನ್ನ ಹೆಸರು, ಸಹಿಯೂ ತನ್ನದೇ. ಎರಡೂ ಅಸಲಿಯೇ, ಆದರೆ ಪ್ರಕಾಶಕರವಲ್ಲ. ಜೊತೆಗೆ, ನಮ್ಮ ಹೆಸರಿನಲ್ಲಿ ಬಂದ ಮೇಲ್ ಈ ಪರೀಕ್ಷೆಯಲ್ಲಿ ಸೋತರೆ ಸ್ಪ್ಯಾಮ್‌ಗೆ ಹಾಕಿ ಎಂದು ಪ್ರಕಾಶಕರೇ ತಮ್ಮ ಡೊಮೇನ್‌ನ ದಾಖಲೆಯಲ್ಲಿ ಬರೆದಿದ್ದರು. ಒಳ್ಳೆಯ ನಿಯಮವೇ. ಹೊಸ ತಂತ್ರಾಂಶ ಬಂದಾಗ ಅದನ್ನು ತಿದ್ದಬೇಕೆಂಬುದು ಯಾರಿಗೂ ಹೊಳೆಯಲಿಲ್ಲ. ಜಿಮೇಲ್ ಅವರ ಮಾತನ್ನೇ ಪಾಲಿಸಿತು.

ಇದಕ್ಕೆ ಅಕ್ಕ ತನ್ನ ಕಡೆಯಿಂದ ಮಾಡಬಹುದಾದದ್ದು ಏನೂ ಇರಲಿಲ್ಲ. ಮದ್ದು ಕಳಿಸುವವರ ಬಳಿಯೇ ಇದೆ. ಹೊಸ ತಂತ್ರಾಂಶ ಪ್ರಕಾಶಕರ ಡೊಮೇನ್‌ನ ಹೆಸರಿನಲ್ಲೇ ಸಹಿ ಹಾಕುವಂತೆ ಡಿಎನ್‌ಎಸ್ ಎಂಬ, ಡೊಮೇನ್‌ಗಳ ಸಾರ್ವಜನಿಕ ದಾಖಲೆಪಟ್ಟಿಯಲ್ಲಿ ಒಂದೆರಡು ದಾಖಲೆ ಸೇರಿಸಬೇಕು. ಸಂಪಾದಕರಿಗೆ ಹೆಡರ್‌ನ ಪ್ರತಿ ಕಳಿಸಿ, ನಿಮ್ಮ ತಾಂತ್ರಿಕ ವಿಭಾಗಕ್ಕೆ ತೋರಿಸಿ ಎಂದು ಬರೆದೆ. "ನಿಮ್ಮ ಮೇಲ್ ಸ್ಪ್ಯಾಮ್‌ಗೆ ಹೋಗ್ತಿದೆ" ಎಂದಷ್ಟೇ ಹೇಳಿದ್ದರೆ ಅದು ಅಲ್ಲಿಗೇ ನಿಲ್ಲುತ್ತಿತ್ತು. ಯಾವ ಪರೀಕ್ಷೆಯಲ್ಲಿ ಸೋತಿತು ಎಂಬ ಸಾಲು ಕೈಗೆ ಸಿಕ್ಕರೆ ಸರಿಪಡಿಸುವವರಿಗೆ ಹತ್ತು ನಿಮಿಷದ ಕೆಲಸ.

ಮೊದಲು ಹೋದದ್ದನ್ನು ಹಿಡಿಯುವ ಕೆಲಸ

ಅಕ್ಕನಿಗೆ ಕಸ ನಿಲ್ಲಬೇಕಿತ್ತು, ನಾಳೆಯಿಂದಲೇ. ನಾನು ಒಪ್ಪಲಿಲ್ಲ. ಮೊದಲು ಒಳ್ಳೆಯ ಮೇಲ್ ಕಳೆಯುವುದು ನಿಲ್ಲಲಿ, ಅದಕ್ಕಾಗಿ ಒಂದೆರಡು ವಾರ ಕಸ ಹೆಚ್ಚಾದರೂ ಸಹಿಸು ಎಂದೆ. ಮುಖ ಗಂಟಿಕ್ಕಿದಳು, ಆದರೂ ಒಪ್ಪಿದಳು.

43 ಫಿಲ್ಟರ್‌ಗಳಲ್ಲಿ ಅಳಿಸುವ ಕೆಲಸ ಮಾಡುತ್ತಿದ್ದ ಎಲ್ಲವನ್ನೂ ತೆಗೆದೆವು. ಉಳಿಸಿಕೊಂಡದ್ದು ಆರು, ಅವೂ ಲೇಬಲ್ ಹಚ್ಚುವುದಷ್ಟೇ. ಹೋಸ್ಟಿಂಗ್ ಸರ್ವರ್‌ನ ಗೆರೆಯನ್ನು 2ರಿಂದ 5ಕ್ಕೆ ಏರಿಸಿದೆ. ಥಂಡರ್‌ಬರ್ಡ್‌ನಲ್ಲಿ ಪಾಪ್3 ಖಾತೆಯನ್ನು ಹಾಗೇ ಇಟ್ಟು, ಪಕ್ಕದಲ್ಲಿ ಅದೇ ವಿಳಾಸಕ್ಕೆ ಐಮ್ಯಾಪ್ ಖಾತೆ ಸೇರಿಸಿದೆ. ಹಳೆಯ ಖಾತೆಯನ್ನು ಅವಸರದಲ್ಲಿ ತೆಗೆಯಬಾರದು, ಅದು ಇಳಿಸಿಕೊಂಡ ಹಳೆಯ ಪತ್ರಗಳು ಸರ್ವರ್‌ನಲ್ಲಿ ಉಳಿದಿರದೆ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇರಬಹುದು.

ಆಮೇಲೆ ನಾಲ್ಕು ವರ್ಷದ ಆ ರಾಶಿ. ಎರಡು ಸಂಜೆ ಕೂತು ಇಬ್ಬರೂ ತೂರಿದೆವು. ಒಂದೊಂದೇ ತೆರೆಯದೆ, ಕಳಿಸಿದವರ ಹೆಸರಿನ ಪ್ರಕಾರ ಜೋಡಿಸಿ ಕಣ್ಣಾಡಿಸಿದೆವು. ಒಂದೇ ಕಡೆಯಿಂದ ನೂರು ಬಂದಿದ್ದರೆ ಒಟ್ಟಿಗೆ ಬದಿಗೆ, ಒಂಟಿಯಾಗಿ ಬಂದಿದ್ದರೆ ನಿಲ್ಲಿಸಿ ನೋಡುವುದು. ಒಂಬತ್ತು ನಿಜವಾದ ಪತ್ರಗಳು ಸಿಕ್ಕವು. ಒಂದು ಅವಳ ಅನುವಾದ ಓದಿ ಒಬ್ಬ ವಿದ್ಯಾರ್ಥಿನಿ ಬರೆದ ಉದ್ದನೆಯ ಪತ್ರ, ಮೂರು ವರ್ಷ ಹಳೆಯದು. ಅಕ್ಕ ಅದನ್ನು ಎರಡು ಸಲ ಓದಿ, ಆ ರಾತ್ರಿಯೇ ಉತ್ತರ ಬರೆದಳು.

ನಾನು ಮಾಡಿದ ತಪ್ಪು

ಅಕ್ಕ ತನ್ನ ಹಳೆಯ ವಿಳಾಸದಿಂದ ಜಿಮೇಲ್‌ಗೆ ಕಡತ ಕಳಿಸಿಕೊಳ್ಳುತ್ತಾಳೆ. ಅವು ಎಲ್ಲೂ ಸಿಕ್ಕಿಕೊಳ್ಳದಿರಲೆಂದು, ಅವಳ ಡೊಮೇನ್‌ನಿಂದ ಬಂದದ್ದನ್ನು ಎಂದೂ ಸ್ಪ್ಯಾಮ್‌ಗೆ ಹಾಕಬೇಡ ಎಂದು ಜಿಮೇಲ್‌ನಲ್ಲಿ ಫಿಲ್ಟರ್ ಬರೆದೆ. ನಾಲ್ಕನೇ ದಿನ ಅವಳು ಗಾಬರಿಯಿಂದ ಫೋನ್ ಮಾಡಿದಳು. ಅವಳದೇ ವಿಳಾಸದಿಂದ ಅವಳಿಗೊಂದು ಮೇಲ್: ನಿನ್ನ ಖಾತೆ ನನ್ನ ಕೈಯಲ್ಲಿದೆ, ನೋಡು ನಿನ್ನ ವಿಳಾಸದಿಂದಲೇ ಬರೆಯುತ್ತಿದ್ದೇನೆ, ಬಿಟ್‌ಕಾಯಿನ್ ಕಳಿಸು.

ಖಾತೆಗೆ ಏನೂ ಆಗಿರಲಿಲ್ಲ. ಒಳಗಿನ ಕಾಗದದ ತಲೆಯ ಮೇಲೆ ಅವಳ ಹೆಸರು ಬರೆದಿದ್ದರು, ಅಷ್ಟೇ. ಜಿಮೇಲ್ ತನ್ನ ಪಾಡಿಗೆ ಬಿಟ್ಟಿದ್ದರೆ ಅಂಥ ನಕಲಿ ಸ್ಪ್ಯಾಮ್‌ನಲ್ಲೇ ಬೀಳುವ ಸಾಧ್ಯತೆ ಹೆಚ್ಚು. ನನ್ನ ಫಿಲ್ಟರ್ ಅದಕ್ಕೆ ಬಾಗಿಲು ತೆರೆದುಕೊಟ್ಟಿತ್ತು. ಪರಿಚಿತರ ಪಟ್ಟಿಗೆ ಸ್ವಂತ ಡೊಮೇನನ್ನು ಸೇರಿಸಬಾರದು, ವಂಚಕರು ಮೊದಲು ಹಾಕಿಕೊಳ್ಳುವ ವೇಷವೇ ಅದು. ಅದೇ ರೀತಿ, ಉಚಿತ ಮೇಲ್ ಸೇವೆಯ ಇಡೀ ಡೊಮೇನನ್ನೂ ಸೇರಿಸಬಾರದು. ಆ ಫಿಲ್ಟರ್ ತೆಗೆದು, ಅಕ್ಕ ಒಡನಾಡುವ ಹನ್ನೆರಡು ಜನರ ಪೂರ್ಣ ವಿಳಾಸಗಳನ್ನಷ್ಟೇ ಹಾಕಿದೆ. ಅವರಿಂದ ಬಂದ ಹಳೆಯ ಮೇಲ್‌ಗಳ ಹೆಡರ್ ನೋಡಿ, ಡಿಮಾರ್ಕ್ ಪಾಸ್ ಆಗಿದ್ದವರನ್ನು ಮಾತ್ರ.

ಕಸದ ಮೂಲ

ಏಳು ದಿನ ಏನನ್ನೂ ಅಳಿಸದೆ ಎಣಿಸಿದೆವು. ಎರಡೂ ಪೆಟ್ಟಿಗೆ ಸೇರಿ 812 ಮೇಲ್, ಅದರಲ್ಲಿ ಅಕ್ಕನಿಗೆ ಬೇಕಾಗಿದ್ದವು 64. ನನಗೆ ಅಚ್ಚರಿಯಾದದ್ದು ಉಳಿದವುಗಳ ಸ್ವರೂಪ. ಅರ್ಧಕ್ಕಿಂತ ಹೆಚ್ಚು ಅಪರಿಚಿತರ ಕಸವೇ ಅಲ್ಲ. ಎಂದೋ ಖಾತೆ ತೆರೆದ ಅಂಗಡಿಗಳು, ಟಿಕೆಟ್ ಕೊಂಡ ತಾಣಗಳು, ಒಮ್ಮೆ ಹೆಸರು ನೋಂದಾಯಿಸಿದ ಸಮ್ಮೇಳನಗಳು. ಅಕ್ಕ ಇವನ್ನೆಲ್ಲ ಸ್ಪ್ಯಾಮ್ ಎಂದು ಗುರುತು ಹಾಕುತ್ತಿದ್ದಳು. ಇವರಿಗೆ ಅಂಥ ಗುರುತು ಬೇಕಿಲ್ಲ, ಚಂದಾ ರದ್ದು ಮಾಡಿದರೆ ನಿಲ್ಲುತ್ತಾರೆ. ಅಂಗಡಿಯ ಜಾಹೀರಾತನ್ನು ಸ್ಪ್ಯಾಮ್ ಎನ್ನುತ್ತ ಹೋದರೆ ಅದೇ ಅಂಗಡಿಯ ರಸೀದಿಯೂ ಒಂದು ದಿನ ಅಲ್ಲಿಗೇ ಹೋಗಬಹುದು.

ರದ್ದು ಮಾಡುವುದು ಈಗ ಸುಲಭ. ದೊಡ್ಡ ಪ್ರಮಾಣದಲ್ಲಿ ಮೇಲ್ ಕಳಿಸುವವರು ಜಾಹೀರಾತಿನ ಮೇಲ್‌ಗಳಲ್ಲಿ ಒಂದೇ ಒತ್ತಿಗೆ ರದ್ದಾಗುವ ಗುಂಡಿ ಕೊಡಲೇಬೇಕೆಂದು ಜಿಮೇಲ್ ಮತ್ತು ಯಾಹೂ 2024ರಲ್ಲಿ ನಿಯಮ ತಂದವು. ಎರಡು ದಿನದೊಳಗೆ ಅದನ್ನು ಜಾರಿ ಮಾಡಬೇಕು. ಆ ಗುಂಡಿ ಜಿಮೇಲ್‌ನಲ್ಲಿ ಕಳಿಸಿದವರ ಹೆಸರಿನ ಪಕ್ಕದಲ್ಲೇ ಇರುತ್ತದೆ. ಅಕ್ಕ ಒಂದು ಸಂಜೆ ಕೂತು ಎಪ್ಪತ್ತಕ್ಕೂ ಹೆಚ್ಚು ಕಡೆ ಒತ್ತಿದಳು. ನಮಗೆ ಹೆಸರೇ ಗೊತ್ತಿಲ್ಲದವರ ಮೇಲ್‌ನ ಒಳಗಿರುವ ರದ್ದು ಕೊಂಡಿಯನ್ನು ಮಾತ್ರ ಒತ್ತಬಾರದು. ಈ ವಿಳಾಸದಲ್ಲಿ ಜೀವವಿದೆ ಎಂದು ನಾವೇ ಹೇಳಿದಂತಾಗುತ್ತದೆ. ಅಂಥವಕ್ಕೆ ಸ್ಪ್ಯಾಮ್ ಗುರುತೇ ಸರಿ.

ಇನ್ನೊಂದು ದೊಡ್ಡ ಪಾಲು ಹಳೆಯ ಡೊಮೇನ್‌ನಲ್ಲಿ ಸಿಕ್ಕಿತು. ಅಲ್ಲಿ ಕ್ಯಾಚ್-ಆಲ್ ತೆರೆದಿತ್ತು. ಎಟ್ ಗುರುತಿನ ಹಿಂದೆ ಏನೇ ಬರೆದರೂ ಆ ಡೊಮೇನ್‌ಗೆ ಬಂದ ಮೇಲ್‌ಗಳೆಲ್ಲ ಅಕ್ಕನ ಪೆಟ್ಟಿಗೆಗೆ ಬೀಳುತ್ತಿದ್ದವು. ಸ್ಪ್ಯಾಮ್ ಕಳಿಸುವವರು ಮಾರಾಟ, ಲೆಕ್ಕ, ಕಚೇರಿ ಎಂದು ಊಹಿಸಿದ ಹೆಸರುಗಳಿಗೆಲ್ಲ ಕಳಿಸುತ್ತಿದ್ದರು. ಮುಚ್ಚಿಬಿಡು ಅನ್ನಿಸುತ್ತದೆ, ಆದರೆ ಮುಚ್ಚುವ ಮುಂಚೆ ಎರಡು ವಾರ ಕಾದು, ನಿಜವಾದ ಮೇಲ್‌ಗಳು ಯಾವ ಯಾವ ಹೆಸರಿಗೆ ಬರುತ್ತಿವೆ ಎಂದು ನೋಡಿದೆವು. ಕಾದದ್ದು ಒಳ್ಳೆಯದಾಯಿತು. ಅಕ್ಕನ ಹಳೆಯ ಗ್ರಾಹಕರೊಬ್ಬರು ವರ್ಷಗಳಿಂದ ಅವಳ ಹೆಸರಿನ ಒಂದಕ್ಷರ ತಪ್ಪಾಗಿ ಬರೆಯುತ್ತಿದ್ದರು. ಕ್ಯಾಚ್-ಆಲ್ ಇದ್ದುದರಿಂದ ಇಬ್ಬರಿಗೂ ಗೊತ್ತಾಗಿರಲಿಲ್ಲ. ಆ ತಪ್ಪು ಹೆಸರನ್ನೇ ಅಡ್ಡಹೆಸರಾಗಿ ಸೇರಿಸಿ, ಉಳಿದದ್ದನ್ನು ಮುಚ್ಚಿದೆ.

ಮುಚ್ಚಿದ್ದು ಹೇಗೆ ಎನ್ನುವುದೂ ಮುಖ್ಯ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಎರಡು ಆಯ್ಕೆ ಇದ್ದವು: ಸದ್ದಿಲ್ಲದೆ ಎಸೆ, ಅಥವಾ ದೋಷ ಸಂದೇಶದೊಂದಿಗೆ ನಿರಾಕರಿಸು. ಎರಡನೆಯದನ್ನು ಆರಿಸಿದೆ. ಸರ್ವರ್ ಬಾಗಿಲಲ್ಲೇ 550 (ಸ್ವೀಕರಿಸಲಾರೆ ಎಂಬ ಸಂಕೇತ) ಎಂದು ನಿರಾಕರಿಸಿದರೆ, ಕಳಿಸಿದವರು ನಿಜವಾದ ಮನುಷ್ಯರಾಗಿದ್ದ ಪಕ್ಷದಲ್ಲಿ ಅವರಿಗೆ ಮೇಲ್ ತಲುಪಲಿಲ್ಲ ಎಂಬ ಉತ್ತರ ಹೋಗುತ್ತದೆ. ಆಗ ಫೋನ್ ಮಾಡುತ್ತಾರೆ, ಬೇರೆ ವಿಳಾಸ ಹುಡುಕುತ್ತಾರೆ. ಸ್ಪ್ಯಾಮ್ ಫೋಲ್ಡರಿಗೆ ಬಿದ್ದ ಮೇಲ್ ಕಳಿಸಿದವರ ಪಾಲಿಗೆ ತಲುಪಿದ ಮೇಲ್. ಪ್ರಕಾಶಕರ ಮೊದಲ ಪತ್ರ ಹಾಗೆ ತಿರಸ್ಕೃತವಾಗಿ ವಾಪಸ್ ಹೋಗಿದ್ದರೆ ಅವರು ಅವತ್ತೇ ಫೋನ್ ಮಾಡುತ್ತಿದ್ದರು.

ಹೊಸದಾಗಿ ಎಲ್ಲಾದರೂ ಹೆಸರು ಕೊಡುವಾಗ ಈಗ ಅಕ್ಕ ಜಿಮೇಲ್ ಹೆಸರಿನ ಕೊನೆಯಲ್ಲಿ, ಎಟ್ ಗುರುತಿಗಿಂತ ಮೊದಲು, ಒಂದು ಪ್ಲಸ್ ಗುರುತು, ಆ ತಾಣದ ಗುರುತಿಗೊಂದು ಪದ ಸೇರಿಸುತ್ತಾಳೆ. ಅದು ಅವಳ ಪೆಟ್ಟಿಗೆಗೇ ಬರುತ್ತದೆ, ವಿಳಾಸ ಯಾರ ಕೈಯಿಂದ ಸೋರಿತೆಂದೂ ತಿಳಿಯುತ್ತದೆ. ಕೆಲವು ತಾಣಗಳು ಪ್ಲಸ್ ಗುರುತನ್ನು ಒಪ್ಪುವುದಿಲ್ಲ.

ಆರು ವಾರದ ನಂತರ

ಮತ್ತೆ ಏಳು ದಿನ ಎಣಿಸಿದೆವು: 812 ಇದ್ದದ್ದು 190ಕ್ಕೆ ಇಳಿದಿತ್ತು. ಜರಡಿ ಬಿಗಿ ಮಾಡಿ ಇಳಿದದ್ದಲ್ಲ, ಜರಡಿ ಮುಂಚೆಗಿಂತ ಸಡಿಲವೇ ಆಗಿದೆ. ಅಕ್ಕ ಪ್ರತಿ ಭಾನುವಾರ ಎರಡೂ ಸ್ಪ್ಯಾಮ್ ಫೋಲ್ಡರ್ ನೋಡುತ್ತಾಳೆ. 30 ದಿನದ ಗಡುವಿದ್ದರೂ ವಾರಕ್ಕೊಮ್ಮೆ ಅಂದದ್ದು ಯಾಕೆಂದರೆ, ಒಂದೆರಡು ವಾರ ತಪ್ಪಿದರೂ ಮೇಲ್ ಅಲ್ಲೇ ಇರುತ್ತದೆ. ಕಸ ಕಡಿಮೆಯಾಗಿರುವುದರಿಂದ ಐದು ನಿಮಿಷ ಸಾಕು.

ಆರು ಭಾನುವಾರಗಳಲ್ಲಿ ಎರಡು ಒಳ್ಳೆಯ ಮೇಲ್‌ಗಳು ಸ್ಪ್ಯಾಮ್‌ನಲ್ಲಿ ಸಿಕ್ಕವು. ಒಂದು ಹೊಸದಾಗಿ ಶುರುವಾದ ಪತ್ರಿಕೆಯದು, ಇನ್ನೊಂದು ಲಗತ್ತು ಬಿಟ್ಟರೆ ಒಳಗೆ ಅಕ್ಷರವೇ ಇಲ್ಲದ ಒಬ್ಬ ಲೇಖಕರ ಮೇಲ್. ಎರಡಕ್ಕೂ ಸ್ಪ್ಯಾಮ್ ಅಲ್ಲ ಎಂದು ಗುರುತು ಹಾಕಿ, ಇಬ್ಬರಿಗೂ ಉತ್ತರ ಬರೆದಳು.

ಪ್ರಕಾಶಕರ ತಾಂತ್ರಿಕ ವಿಭಾಗ ಮೂರನೇ ವಾರದಲ್ಲಿ ದಾಖಲೆ ಸರಿಪಡಿಸಿತು. ಮತ್ತೊಂದು ಖಾಲಿ ಮೇಲ್ ಕಳಿಸಿದರು, ಇನ್‌ಬಾಕ್ಸ್‌ಗೇ ಬಂತು, ಮೂರೂ ಸಾಲು ಪಾಸ್. ಅಕ್ಕನ ಹಾಗೆಯೇ ಉತ್ತರ ಕೊಡದ ಇನ್ನೂ ಕೆಲವು ಅನುವಾದಕರಿಗೆ ಈಗ ಫೋನ್ ಮಾಡುತ್ತಿದ್ದೇವೆ ಎಂದು ಸಂಪಾದಕರು ತಿಳಿಸಿದರು. ಅಕ್ಕನ ಪುಸ್ತಕ ಬೇರೆಯವರ ಕೈ ಸೇರಿಯಾಗಿದೆ, ಅದು ವಾಪಸ್ ಬರಲಿಲ್ಲ.

ಅಕ್ಕನ ಡೊಮೇನ್‌ಗೆ ನಾನು ಡಿಮಾರ್ಕ್ ದಾಖಲೆ ಹಾಕಿದ್ದೇನೆ. ಸದ್ಯಕ್ಕೆ ಏನನ್ನೂ ತಡೆಯದೆ, ವರದಿ ಮಾತ್ರ ಕಳಿಸು ಎಂಬ ಹಂತದಲ್ಲಿದೆ. ಅವಳ ಹೆಸರಿನಲ್ಲಿ ಎಲ್ಲೆಲ್ಲಿಂದ ಮೇಲ್ ಹೋಗುತ್ತಿದೆ ಎಂದು ಆ ವರದಿಗಳಲ್ಲಿ ದಿನವೂ ನೋಡುತ್ತಿದ್ದೇನೆ. ಮೊನ್ನೆ ಅದರಲ್ಲಿ ಒಂದು ಗುರುತಿಲ್ಲದ ಸರ್ವರ್ ಕಂಡಿತು. ವಿಚಾರಿಸಿದರೆ ಅವಳ ಜಾಲತಾಣದ ಸಂಪರ್ಕ ಪುಟವೇ ಅಲ್ಲಿಂದ ಮೇಲ್ ಕಳಿಸುತ್ತಿತ್ತು. ಅದನ್ನು ಸರಿಪಡಿಸುವ ತನಕ ಮುಂದಿನ ಹಂತಕ್ಕೆ ಹೋಗುವುದಿಲ್ಲ.